ಉತ್ತರದ ಪುಸ್ತಕ ಯಾವ ಕಡೆಯಿಂದ ತೆರೆಯಬೇಕು

ನಾನೂ ನಮ್ಮಪ್ಪನೂ ಒಂದೇ ದಿನ, ಒಂದೇ ಕೋಣೆಯಲ್ಲಿ ಕೂತು ಪರೀಕ್ಷೆ ಬರೆದವರು. ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ನಾನು ಬರೆದದ್ದು ಏಳನೇ ತರಗತಿಯ ಪರೀಕ್ಷೆ, ಅಪ್ಪ ಬರೆದದ್ದು ಮಾಸ್ತರರಿಗೆಂದು ಇಟ್ಟಿದ್ದ ಕನ್ನಡ ಪರೀಕ್ಷೆ. ನನಗಾಗ ಹದಿಮೂರು, ಅಪ್ಪನಿಗೆ ನಲವತ್ತು ದಾಟಿತ್ತು. ನಾನು ನಪಾಸಾದರೆ ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರುತ್ತಿದ್ದೆ, ಅಷ್ಟೆ. ಅಪ್ಪ ನಪಾಸಾದರೆ ಅವನ ಮಾಸ್ತರಿಕೆಯೇ ಹೋಗುತ್ತಿತ್ತು.

ಅಪ್ಪ ಮಸ್ಕಿಯ ಶಾಲೆಯಲ್ಲಿ ಮಾಸ್ತರ. ನಿಜಾಮರ ಕಾಲದಲ್ಲಿ ಕಲಿತವನು, ನಿಜಾಮರ ಕಾಲದಲ್ಲೇ ಕಲಿಸಲು ನಿಂತವನು. ಹಾಗಾಗಿ ಅವನ ಓದು ಬರಹವೆಲ್ಲ ಉರ್ದು. ಮನೆಯಲ್ಲಿ ಆಡುವ ಮಾತು ಕನ್ನಡ, ಲಿಂಗಪೂಜೆಯ ಹೊತ್ತಿಗೆ ಬಾಯಲ್ಲಿ ಬರುವ ವಚನ ಕನ್ನಡ, ಬೈಗುಳವಂತೂ ಅಪ್ಪಟ ಕನ್ನಡ. ಕೈಗೆ ಲೇಖನಿ ಬಂದರೆ ಮಾತ್ರ ಬಲದಿಂದ ಎಡಕ್ಕೆ ಓಡುವ ಉರ್ದು. ಆ ಕಾಲದಲ್ಲಿ ನಮ್ಮ ಕಡೆ ನಾಲ್ಕಕ್ಷರ ಕಲಿತವರ ಪಾಡು ಬಹಳಷ್ಟು ಹೀಗೇ ಇತ್ತು. ಯಾರೂ ಅದನ್ನು ಕೊರತೆ ಎಂದು ತಿಳಿದಿರಲಿಲ್ಲ.

ಪರೀಕ್ಷೆಯೆಂದರೆ ಅಪ್ಪನಿಗೆ ಒಂದು ಹುಚ್ಚು. ಬೇರೆ ಮಾಸ್ತರರು ಪಾಠ ಕಲಿಸುತ್ತಿದ್ದರು. ಅಪ್ಪ ಪಾಠದ ಜೊತೆಗೆ ಪರೀಕ್ಷೆ ಬರೆಯುವುದನ್ನೂ ಕಲಿಸುತ್ತಿದ್ದ. ಇವೆರಡೂ ಬೇರೆ ಬೇರೆ ವಿದ್ಯೆ ಎಂಬುದು ಅವನ ಗಟ್ಟಿ ನಂಬಿಕೆ. "ಎಲ್ಲಾ ಗೊತ್ತಿದ್ದಾವ ನಪಾಸಾಗೂದು ನಾ ನೋಡೀನಿ. ಅರ್ಧ ಗೊತ್ತಿದ್ದಾವ ಪಾಸಾಗೂದೂ ನೋಡೀನಿ. ನಡುವ ಏನೈತಿ? ಮೂರು ತಾಸು ಐತಿ. ಆ ಮೂರು ತಾಸನ್ನ ಹೆಂಗ ಹಂಚಬೇಕು ಅನ್ನೂದು ಗೊತ್ತಿದ್ದಾವ ಗೆದ್ದ," ಎನ್ನುತ್ತಿದ್ದ. ಲಿಂಗಸುಗೂರಿನ ಕೇಂದ್ರಕ್ಕೆ ಪರೀಕ್ಷೆಗೆ ಹೋದ ಮಸ್ಕಿಯ ಹುಡುಗರು ಬಹಳ ಜಾಣರೇನೂ ಆಗಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಅವರು ಸೋತು ಬಂದದ್ದು ಕಡಿಮೆ.

ಪ್ರಶ್ನೆಪತ್ರಿಕೆಗೆ ನಾವೆಲ್ಲ ಪರ್ಚೆ ಎನ್ನುತ್ತಿದ್ದೆವು. ಪರ್ಚೆ ಕೈಗೆ ಬಂದ ಮೇಲೆ ಮೊದಲ ಹತ್ತು ನಿಮಿಷ ಟಾಕನ್ನು ಮಸಿಯಲ್ಲಿ ಅದ್ದಕೂಡದು ಎಂದು ಅಪ್ಪನ ಕಟ್ಟಪ್ಪಣೆ. ಎರಡು ಸಲ ಪೂರಾ ಓದಬೇಕು. ಓದುತ್ತಾ ಚೆನ್ನಾಗಿ ಗೊತ್ತಿದ್ದ ಪ್ರಶ್ನೆಯ ಪಕ್ಕದಲ್ಲಿ ಉಗುರಿನಿಂದ ಒಂದು ಗೀರು ಎಳೆಯಬೇಕು, ಅರ್ಧ ಗೊತ್ತಿದ್ದದ್ದಕ್ಕೆ ಎರಡು ಗೀರು, ಗೊತ್ತಿಲ್ಲದ್ದಕ್ಕೆ ಏನೂ ಇಲ್ಲ. ಮಸಿಯ ಗುರುತು ಮಾಡಿದರೆ ಮೇಲ್ವಿಚಾರಕರಿಗೆ ಸಂಶಯ ಬರುತ್ತದೆ. ಉಗುರಿನ ಗೀರು ನಮ್ಮ ಕಣ್ಣಿಗಷ್ಟೇ ಕಾಣುತ್ತದೆ. ಇದಕ್ಕಾಗಿ ಪರೀಕ್ಷೆಗೆ ಕೂರುವವರೆಲ್ಲ ಬಲಗೈ ಹೆಬ್ಬೆರಳಿನ ಉಗುರನ್ನು ಒಂದು ತಿಂಗಳು ಕತ್ತರಿಸದೆ ಬಿಡಬೇಕಿತ್ತು. ಊರಲ್ಲಿ ಉದ್ದ ಉಗುರಿನ ಹುಡುಗರು ಕಂಡರೆ ಪರೀಕ್ಷೆ ಹತ್ತಿರ ಬಂತೆಂದು ಜನಕ್ಕೆ ತಿಳಿಯುತ್ತಿತ್ತು.

ಯಾವ ಪ್ರಶ್ನೆಯಿಂದ ಶುರು ಮಾಡಬೇಕು ಎಂಬುದರಲ್ಲಿ ಅಪ್ಪನ ದಾರಿ ಎಲ್ಲರಿಗಿಂತ ಬೇರೆ. ಚೆನ್ನಾಗಿ ಬರುವುದನ್ನೇ ಮೊದಲು ಬರೆಯಿರಿ ಎಂದು ಯಾರು ಬೇಕಾದರೂ ಹೇಳುತ್ತಾರೆ. ಅಪ್ಪ ಅದನ್ನು ಎರಡನೆಯದಕ್ಕೆ ಇಡು ಎನ್ನುತ್ತಿದ್ದ. ಮೊದಲು ಕೈ ನಡುಗುತ್ತಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅಕ್ಷರ ಕೆಡುತ್ತದೆ. ಅಂಥ ಹೊತ್ತಿನಲ್ಲಿ ಒಳ್ಳೆಯ ಉತ್ತರವನ್ನು ಯಾಕೆ ಹಾಳು ಮಾಡಿಕೊಳ್ಳಬೇಕು? ಈ ಬುದ್ಧಿ ಅವನಿಗೆ ಬಂದದ್ದು ಅವ್ವ ರೊಟ್ಟಿ ಬಡಿಯುವುದನ್ನು ನೋಡಿ. ಮೊದಲ ರೊಟ್ಟಿ ಯಾವತ್ತೂ ಸೀದೋ ಹರಿದೋ ಹೋಗುತ್ತಿತ್ತು. "ಅದು ಹಂಚು ಕಾಯಿಸಾಕ ಹಾಕೂ ರೊಟ್ಟಿ, ಎಣಿಸಬ್ಯಾಡ್ರಿ," ಎನ್ನುತ್ತಿದ್ದಳು ಅವ್ವ.

ರೊಟ್ಟಿಯ ವಿಷಯ ಬಂದದ್ದರಿಂದ ಹೇಳುತ್ತೇನೆ, ನಮ್ಮ ಮನೆಯ ಗಡಿಯಾರವೂ ಅವ್ವನ ರೊಟ್ಟಿಯೇ. ಬೇರೆ ಗಡಿಯಾರ ಇರಲಿಲ್ಲ. ಓದುವುದಕ್ಕೆ ಹತ್ತು ನಿಮಿಷ, ಕೊನೆಗೆ ತಿರುಗಿ ನೋಡುವುದಕ್ಕೆ ಹದಿನೈದು ನಿಮಿಷ ತೆಗೆದಿಟ್ಟು ಉಳಿದದ್ದನ್ನು ಆರು ಪ್ರಶ್ನೆಗಳಿಗೆ ಹಂಚಿದರೆ, ಒಂದೊಂದಕ್ಕೆ ಎಷ್ಟು ಬರುತ್ತದೋ ಅಷ್ಟು ಹೊತ್ತಿನಲ್ಲಿ ಅವ್ವ ಎಂಟು ರೊಟ್ಟಿ ಬಡಿದು ಬೇಯಿಸುತ್ತಿದ್ದಳು. ಶಾಲೆಯ ಗಡಿಯಾರ ನೋಡಿ ಅಪ್ಪ ಇದನ್ನು ಲೆಕ್ಕ ಹಾಕಿಕೊಂಡು ಬಂದಿದ್ದ. ಬೆಳಿಗ್ಗೆ ನಾನು ಪಾಟಿ ಹಿಡಿದು ಒಲೆಯ ಹತ್ತಿರ ಕೂರುತ್ತಿದ್ದೆ. ಮೊದಲ ರೊಟ್ಟಿ ಹಂಚಿಗೆ ಬಿದ್ದಾಗ ಬರೆಯಲು ಶುರು. "ಎಂಟಾತು ನೋಡಬೇ," ಎಂದು ಅವ್ವ ಕೂಗಿದರೆ ವಾಕ್ಯ ಅರ್ಧಕ್ಕಿದ್ದರೂ ಬಳಪ ಕೆಳಗಿಡಬೇಕು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಮಸ್ಕಿಯಲ್ಲಿ ಪರೀಕ್ಷೆಯ ಹೊತ್ತು ಅವಳಷ್ಟು ಸರಿಯಾಗಿ ಅಳೆದವರು ಇನ್ನೊಬ್ಬರಿಲ್ಲ.

ಇನ್ನು ಕೆಲವು ಮಾತುಗಳನ್ನು ಅಪ್ಪ ದಿನಕ್ಕೊಮ್ಮೆ ಹೇಳದೆ ಬಿಡುತ್ತಿರಲಿಲ್ಲ. ಉತ್ತರ ತಪ್ಪಾದರೆ ಗೀಚಿ ಹಾಳೆ ಹೊಲಸು ಮಾಡಬಾರದು, ಒಂದೇ ಗೆರೆ ಎಳೆದು ಮುಂದೆ ಹೋಗಬೇಕು. ತಪ್ಪಾಯಿತೆಂದು ಅಳುವುದಕ್ಕೆ ಮೂರು ತಾಸಿನಲ್ಲಿ ಜಾಗ ಇಟ್ಟಿಲ್ಲ. ಗೊತ್ತಿಲ್ಲದ ಪ್ರಶ್ನೆಗೂ ಎರಡು ಸಾಲು ಬರೆಯಬೇಕು, ಖಾಲಿ ಹಾಳೆಗೆ ದೇವರೂ ಅಂಕ ಕೊಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು: "ಕೋಣ್ಯಾಗ ಕುಂತ ಮ್ಯಾಲೆ ನಿನಗ ಅಪ್ಪ ಇಲ್ಲ, ಅವ್ವ ಇಲ್ಲ, ಗೆಳೆಯಾ ಇಲ್ಲ. ಕಿವಿ ಮುಚ್ಚಿಕೋ. ಪರ್ಚೆಗೆ ನಿನ್ನ ಜಾತಿ ಗೊತ್ತಿಲ್ಲ, ಮನಿತನ ಗೊತ್ತಿಲ್ಲ. ನೀ ಬರದದ್ದು ಅಷ್ಟ ಗೊತ್ತು. ಅಂಥಾ ನ್ಯಾಯದ ಜಾಗ ಊರಾಗ ಇನ್ನೊಂದು ಐತೇನು?" ಈ ಮಾತು ಹೇಳುವಾಗ ಅವನ ದನಿ ಬದಲಾಗುತ್ತಿತ್ತು. ಬಡವರ ಮನೆಯಿಂದ ಬಂದು ಪರೀಕ್ಷೆಯೊಂದರ ಬಲದಿಂದಲೇ ಮಾಸ್ತರನಾದವನು ಅವನು.

ಆಳ್ವಿಕೆ ಬದಲಾದಾಗ ನಾನು ಮೂರನೇ ತರಗತಿಯಲ್ಲಿದ್ದೆ. ಎರಡು ವರ್ಷ ಉರ್ದು ಕಲಿತಿದ್ದೆ, ಆಮೇಲೆ ಕನ್ನಡ ಬಂತು. ಮಕ್ಕಳಿಗೇನು, ತಿಂಗಳೊಪ್ಪತ್ತಿನಲ್ಲಿ ಒಗ್ಗಿಕೊಂಡೆವು. ಕಷ್ಟವಾದದ್ದು ಮಾಸ್ತರರಿಗೆ. ಅಪ್ಪ ಹೆಚ್ಚಾಗಿ ಲೆಕ್ಕ ಕಲಿಸುತ್ತಿದ್ದುದರಿಂದ ಹೇಗೋ ಸಾಗಿತು. ಲೆಕ್ಕವನ್ನು ಬಾಯಲ್ಲಿ ಹೇಳುತ್ತಿದ್ದ, ದೊಡ್ಡ ಹುಡುಗನೊಬ್ಬ ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದ. ಹೀಗೆ ಮೂರು ವರ್ಷ ಕಳೆದ ಮೇಲೆ ಇಲಾಖೆಯಿಂದ ಹುಕುಂ ಬಂತು: ಉರ್ದುವಿನಲ್ಲಿ ಕಲಿತ ಮಾಸ್ತರರೆಲ್ಲ ಕನ್ನಡ ಪರೀಕ್ಷೆ ಪಾಸಾಗಬೇಕು, ಎರಡು ಸಲ ಅವಕಾಶ, ಎರಡರಲ್ಲೂ ಪಾಸಾಗದವರು ಕೆಲಸ ಬಿಡಬೇಕು.

ಮೊದಲನೇ ಸಲ ಅಪ್ಪ ಹೋಗಲೇ ಇಲ್ಲ. ಹೊಟ್ಟೆನೋವು ಎಂದ. ಹೊಟ್ಟೆ ನೋಯುತ್ತಿದ್ದವನು ಮಧ್ಯಾಹ್ನ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಂಡ. ಅವ್ವ ಸುಮ್ಮನೆ ನೋಡಿ ನೋಡಿ ಕೊನೆಗೆ, "ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ ಅಂತಾರಲ್ಲ, ಹಂಗಾತ್ರಿ ನಿಮ್ಮದು. ಊರ ಮಕ್ಕಳಿಗೆಲ್ಲಾ ಪರೀಕ್ಷಾ ಕಲಿಸಿದ್ರಿ, ನೀವ ಹೊಚ್ಚಿಕೊಂಡು ಮಲಗಿದ್ರಿ," ಎಂದಳು. ಅಪ್ಪ ಗೋಡೆಯ ಕಡೆ ತಿರುಗಿದ. ಅವನು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಬಹಳ ಕೆಡುಕೆನಿಸಿತು.

ಮಾಸ್ತರಿಕೆ ಹೋದರೆ ಮುಂದೇನು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ಸ್ವಂತ ಹೊಲ ಇರಲಿಲ್ಲ. ಪಾಮನಕಲ್ಲೂರಿನಲ್ಲಿ ಅವ್ವನ ತವರಿನವರಿಗೆ ಒಣಬೇಸಾಯದ ಹೊಲವಿತ್ತು. ಅಲ್ಲಿ ಹೋಗಿ ಅವ್ವನ ಅಣ್ಣನ ಕೈಕೆಳಗೆ ದುಡಿಯಬೇಕು. ದುಡಿಯಲು ಅಪ್ಪನಿಗೆ ನಾಚಿಕೆ ಇರಲಿಲ್ಲ. ಆದರೆ ಹುಡುಗರ ಮುಂದೆ ನಿಂತು ಮಾತಾಡದಿದ್ದರೆ ಅವನು ಅವನಾಗಿ ಉಳಿಯುತ್ತಿರಲಿಲ್ಲ. ಬೇಸಿಗೆ ರಜೆಯಲ್ಲೇ ಅವನ ಮುಖ ಬಾಡುತ್ತಿತ್ತು, ಬೀದಿಯಲ್ಲಿ ಸಿಕ್ಕ ಹುಡುಗರನ್ನು ನಿಲ್ಲಿಸಿ ಮಗ್ಗಿ ಕೇಳುತ್ತಿದ್ದ. ಅವನನ್ನು ಹೊಲದ ಬದುವಿನ ಮೇಲೆ ನೆನೆಸಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಒಂದು ದಿನ ಅವನೇ ನನ್ನ ಮುಂದೆ ಪಾಟಿ ತಂದಿಟ್ಟ. "ಯವ್ವಾ, ಕಲಿಸು," ಎಂದ. ಅಷ್ಟೆ.

ಕಲಿಸಿದೆ. ಬಹಳ ಗತ್ತಿನಿಂದ ಕಲಿಸಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಪ್ಪ ನನಗೆ ಬೈಯುತ್ತಿದ್ದ ಮಾತುಗಳನ್ನೇ ಅವನಿಗೆ ತಿರುಗಿಸಿ ಬೈದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಅಕ್ಷರಗಳನ್ನು ಹುಡುಗಿಯರು ಅಂಗಳದಲ್ಲಿ ರಂಗೋಲಿ ಹಾಕುವಂತೆ ಒಂದೊಂದಾಗಿ ದುಂಡಗೆ ಬಿಡಿಸುತ್ತಿದ್ದ. ಚೆಂದವೇನೋ ಇರುತ್ತಿತ್ತು, ಆದರೆ ಹೊತ್ತು? "ನಮ್ಮ ಊರು" ಎಂದು ಮೊದಲ ಪ್ರಬಂಧ ಬರೆದ ದಿನ ಅವ್ವ ಇಪ್ಪತ್ತೆರಡು ರೊಟ್ಟಿ ಮುಗಿಸಿ ಹಿಟ್ಟಿನ ಬುಟ್ಟಿ ಬೋರಲು ಹಾಕಿದಳು, ಅಪ್ಪ ಇನ್ನೂ ಊರ ಅಗಸೆಬಾಗಿಲನ್ನೇ ದಾಟಿರಲಿಲ್ಲ. ಆ ದಿನ ಪಕ್ಕದ ಎರಡು ಮನೆಗೆ ರೊಟ್ಟಿ ಹಂಚಿದೆವು.

ಕೈಯನ್ನು ಕಾಯಿಸಬೇಕೆಂದು ದಿನಾ ಬೆಳಿಗ್ಗೆ ಸಂಜೆ ಕೂತ. ಬರೆಯಲು ಶುರು ಮಾಡುವಾಗ ಬಳಪ ಮೊದಲು ಪಾಟಿಯ ಬಲತುದಿಗೆ ಹೋಗುತ್ತಿತ್ತು. ಅಲ್ಲಿ ಒಂದು ಗಳಿಗೆ ನಿಂತು, ನೆನಪಾಗಿ ಎಡಕ್ಕೆ ಜಿಗಿಯುತ್ತಿತ್ತು. ಅವ್ವ ನಗುತ್ತಿದ್ದಳು: "ಎತ್ತು ಮೇವು ತಿಂದ ಗ್ವಾದಲಿಗೇ ಹೊಕ್ಕೈತಿ ನೋಡು." ದೀಪಾವಳಿಯ ಹೊತ್ತಿಗೆ ಹದಿನಾರು ರೊಟ್ಟಿಗೆ ಬಂದ. ಸಂಕ್ರಾಂತಿಗೆ ಹನ್ನೆರಡು. ಪರೀಕ್ಷೆಗೆ ಎರಡು ವಾರ ಇದ್ದಾಗ ಎಂಟನೇ ರೊಟ್ಟಿ ಹಂಚಿನ ಮೇಲಿರುವಾಗಲೇ ಬಳಪ ಕೆಳಗಿಟ್ಟು ಮಕ್ಕಳಂತೆ ಕೈ ಎತ್ತಿದ. ನಾನು ಅವ್ವನನ್ನು ನೋಡಿದೆ, ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಯಿಂದ ಅಂದಳು.

ಕಾಗದ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ, ಕಲಿತದ್ದೆಲ್ಲ ಪಾಟಿಯ ಮೇಲೆ. ಪಾಟಿಗೆ ಮೊದಲ ಪುಟ ಕೊನೆಯ ಪುಟ ಎಂಬುದಿಲ್ಲ. ಇಷ್ಟೆಲ್ಲ ಕಲಿಸಿದ ನಾನು ಒಂದು ದಿನವಾದರೂ ಅವನ ಕೈಗೆ ಒಂದು ಪುಸ್ತಕ ಕೊಟ್ಟು ಬರೆಸಲಿಲ್ಲ. ಆ ತಪ್ಪು ನನ್ನದೇ.

ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋದೆವು. ಮಸಿಯ ಎರಡು ದೌತಿಗಳಿಗೆ ಬಟ್ಟೆಯ ಬಿರಡೆ ಹಾಕಿ ಅಪ್ಪ ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದುಕೊಂಡಿದ್ದ. ದೂರದ ಸಂಬಂಧಿಕರ ಮನೆಯಲ್ಲಿ ಇಳಿದುಕೊಂಡು ಎರಡು ದಿನ ನಾನೊಬ್ಬಳೇ ಪರೀಕ್ಷೆ ಬರೆದೆ. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ. ಮೂರನೇ ದಿನ ನನ್ನ ಲೆಕ್ಕದ ಪರೀಕ್ಷೆ, ಅವನ ಕನ್ನಡ ಪರೀಕ್ಷೆ, ಎರಡೂ ಒಂದೇ ಹೊತ್ತಿಗೆ. ಮಾಸ್ತರರು ಏಳೆಂಟು ಮಂದಿಯಷ್ಟೇ ಇದ್ದುದರಿಂದ ಅವರಿಗೆ ಬೇರೆ ಕೋಣೆ ಮಾಡದೆ ನಮ್ಮ ಕೋಣೆಯಲ್ಲೇ ಗೋಡೆಯ ಪಕ್ಕ ಒಂದು ಸಾಲು ಹಾಕಿದ್ದರು. ಸಿಂಧನೂರಿನಿಂದ ಮೂವರು ಬಂದಿದ್ದರು. ಅಪ್ಪ ಅವರ ಹಿಂದೆ. ನಾನು ಕೊನೆಯ ಬೆಂಚಿನಲ್ಲಿ, ಅಪ್ಪನಿಗೆ ಓರೆಯಾಗಿ, ಎರಡು ಮಾರು ದೂರದಲ್ಲಿ.

ಗಂಟೆ ಬಾರಿಸಿತು. ಉತ್ತರ ಬರೆಯುವ ಪುಸ್ತಕ ಕೊಟ್ಟರು, ಪರ್ಚೆ ಕೊಟ್ಟರು. ಅಪ್ಪ ರಕ್ಷಾಪುಟದ ಮೇಲೆ ನಂಬರು ಬರೆದು, ಮಸಿ ಹೀರುವ ಕಾಗದ ಒತ್ತಿ, ಟಾಕನ್ನು ಪಕ್ಕಕ್ಕಿಟ್ಟ. ಪರ್ಚೆಯನ್ನು ಎರಡು ಸಲ ಓದಿದ. ಉಗುರು ಓಡಾಡಿತು. ಅವನು ಹೇಳಿಕೊಟ್ಟದ್ದನ್ನೆಲ್ಲ ಅವನೇ ಮಾಡುವುದನ್ನು ನೋಡಿ ನನಗೆ ಒಳಗೊಳಗೇ ಸಂತೋಷವಾಯಿತು. ನಾನೂ ನನ್ನ ಪರ್ಚೆ ಓದಿ ಗೀರು ಎಳೆದೆ. ಹತ್ತು ನಿಮಿಷ ಆದ ಮೇಲೆ ಅಪ್ಪ ಟಾಕನ್ನು ಅದ್ದಿದ; ಪುಸ್ತಕವನ್ನು ಮಗುಚಿ ಹಾಕಿ, ಹಿಂದಿನ ರಟ್ಟನ್ನು ಬಲಕ್ಕೆ ತೆರೆದು, ಕೊನೆಯ ಹಾಳೆಯ ಮೇಲೆ ಬರೆಯಲು ಶುರು ಮಾಡಿದ.

ಉರ್ದು ಪುಸ್ತಕ ತೆರೆಯುವುದು ಹಾಗೆಯೇ. ಇಪ್ಪತ್ತು ವರ್ಷ ಅವನು ಮಾಡಿದ್ದು ಹಾಗೆಯೇ. ಅವನಿಗೆ ಅದೇ ಮೊದಲ ಪುಟ. ಪುಸ್ತಕ ತಿದ್ದುವವರು ಯಾರೋ, ಎಲ್ಲಿಯವರೋ. ಎಡದಿಂದ ತೆರೆದು ನೋಡುತ್ತಾರೆ, ಖಾಲಿ ಹಾಳೆ ಕಾಣುತ್ತದೆ, ಇನ್ನೊಂದು ತಿರುಗಿಸುತ್ತಾರೆ, ಅದೂ ಖಾಲಿ. ಖಾಲಿ ಹಾಳೆಗೆ ದೇವರೂ ಅಂಕ ಕೊಡುವುದಿಲ್ಲ ಎಂದು ನನಗೆ ಕಲಿಸಿದವನು ಅವನೇ. ಹಿಂದಿನ ಪುಟಗಳು ಅವರ ಕಣ್ಣಿಗೆ ಬಿದ್ದರೂ ಒಂದಕ್ಕೊಂದು ತಾಳ ಇಲ್ಲದೆ ಕಾಣುತ್ತವೆ.

ಕೆಮ್ಮಿದೆ. ಅವನು ತಲೆ ಎತ್ತಲಿಲ್ಲ. ಇನ್ನೂ ಜೋರಾಗಿ ಕೆಮ್ಮಿದೆ. ಮೇಲ್ವಿಚಾರಕರು ನನ್ನತ್ತ ನೋಡಿದರು. ಮುದುಕರು, ಕೈಯಲ್ಲಿ ಬೆತ್ತ. ಮಾತಾಡಿದವರ ಪರ್ಚೆ ಕಸಿದುಕೊಳ್ಳುತ್ತೇನೆಂದು ಮೊದಲ ದಿನವೇ ಹೇಳಿದ್ದವರು. ಹಿಂದಿನ ದಿನ ಒಬ್ಬ ಹುಡುಗನದನ್ನು ಕಸಿದುಕೊಂಡೂ ಇದ್ದರು. ಅಪ್ಪನಿಗೆ ಹೇಳಿದರೆ ಇಬ್ಬರದೂ ಹೋಗುತ್ತದೆ. ಏನು ಮಾಡುವುದು ಎಂದು ಯೋಚಿಸಿದೆ. ಆಮೇಲೆ ಒಂದು ಉಪಾಯ ಹೊಳೆಯಿತು. ನಾನು ಎದ್ದು ನಿಂತೆ.

"ಸರ್, ಉತ್ತರದ ಬುಕ್ಕ ಯಾವ ಕಡಿಂದ ತೆಗೀಬೇಕ್ರಿ? ಎಡಗಡಿಂದೇನ್ರಿ, ಬಲಗಡಿಂದೇನ್ರಿ?" ಎಂದು ಇಡೀ ಕೋಣೆಗೆ ಕೇಳುವಂತೆ ಕೇಳಿದೆ.

ಕೋಣೆಯೆಲ್ಲ ಗೊಳ್ಳೆಂದಿತು. ಮೇಲ್ವಿಚಾರಕರು ಬೆತ್ತದಿಂದ ಮೇಜು ಕುಟ್ಟಿದರು. "ಏನವಾ, ಏಳನೇತ್ತಿಗೆ ಬಂದೀದಿ, ಬುಕ್ಕ ತೆಗ್ಯಾಕ ಬರೂದಿಲ್ಲೇನು? ಎರಡು ದಿನ ಹೆಂಗ ಬರದಿ ಮತ್ತ? ಎಡಗಡಿಂದ ತೆಗೀಬೇಕು! ಕುಂದರು ಸುಮ್ಮನ!"

ಎಡಗಡಿಂದ ಎಂಬ ಮಾತನ್ನು ಅವರು ಎಷ್ಟು ಜೋರಾಗಿ ಹೇಳಿದರೆಂದರೆ ಹೊರಗಿನ ಬೇವಿನ ಮರಕ್ಕೂ ಕೇಳಿರಬೇಕು. ನಾನು ಕೂತು ಗೋಡೆಯ ಸಾಲಿನ ಕಡೆ ಕಣ್ಣು ಹಾಯಿಸಿದೆ. ಸಿಂಧನೂರಿನ ಮಾಸ್ತರರೊಬ್ಬರು ಅತ್ತಿತ್ತ ನೋಡಿ ತಮ್ಮ ಪುಸ್ತಕವನ್ನು ಮೆಲ್ಲಗೆ ಮಗುಚಿಕೊಂಡರು. ಅವರ ಮುಂದಿನವರೂ ಮಗುಚಿಕೊಂಡರು. ಬರೆದಿದ್ದ ಎರಡು ಸಾಲಿಗೆ ಗೆರೆ ಎಳೆದು ಎಡದಿಂದ ಶುರು ಮಾಡಿದರು. ಅಪ್ಪನ ಟಾಕು ಒಂದು ಗಳಿಗೆ ನಿಂತಿತು. ಮ್ಯಾಲೆ ನೋಡಪ್ಪಾ, ನೋಡು, ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವನು ದೌತಿಯಲ್ಲಿ ಟಾಕನ್ನು ಅದ್ದಿ ಮತ್ತೆ ಅದೇ ಹಾಳೆಯ ಮೇಲೆ ಬರೆಯುತ್ತಾ ಹೋದ.

ಕೋಣೆಯಲ್ಲಿ ಕೂತ ಮೇಲೆ ಕಿವಿ ಮುಚ್ಚಿಕೋ ಎಂದು ಹೇಳಿಕೊಟ್ಟವನು ತನ್ನ ಕಿವಿಯನ್ನೂ ಮುಚ್ಚಿಕೊಂಡಿದ್ದಾನೆ ಎಂದುಕೊಂಡೆ. ಬೇರೆ ಊರಿನ ಮಾಸ್ತರರೆಲ್ಲ ನನ್ನಿಂದ ಉಳಿದುಕೊಂಡರು, ನಮ್ಮಪ್ಪ ಮಾತ್ರ ಮುಳುಗಿದ. ಇನ್ನೊಮ್ಮೆ ಎದ್ದು ನಿಲ್ಲುವ ಹಾಗಿರಲಿಲ್ಲ. ಸಿಟ್ಟಿನಲ್ಲೇ ಲೆಕ್ಕ ಮಾಡಿದೆ. ಕೆರೆಗೆ ನೀರು ತುಂಬುವ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿ ಎರಡು ಗೆರೆ ಎಳೆದೆ.

ಮುಕ್ಕಾಲು ತಾಸು ಕಳೆದ ಮೇಲೆ ಮೇಲ್ವಿಚಾರಕರು ಒಂದೊಂದೇ ಪುಸ್ತಕದ ರಕ್ಷಾಪುಟದ ಮೇಲೆ ಸಹಿ ಹಾಕುತ್ತಾ ಬಂದರು. ಅಪ್ಪನ ಹತ್ತಿರ ಬಂದವರು ರಕ್ಷಾಪುಟ ಹುಡುಕಿದರು, ಸಿಗಲಿಲ್ಲ, ಪುಸ್ತಕವನ್ನು ಎತ್ತಿ ಕೆಳಗಿನಿಂದ ನೋಡಿದರು. "ಮಾಸ್ತರ, ಉಲ್ಟಾ ಬರದೀರಲ್ರಿ," ಎಂದು ಮೆಲ್ಲಗೆ ಹೇಳಿ, ಸಹಿ ಹಾಕಿ ಮುಂದೆ ಹೋದರು. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಗಾಬರಿಯಾದ ಹಾಗೆ ಕಾಣಲಿಲ್ಲ. ಹೌದು ಎನ್ನುವಂತೆ ತಲೆಯಾಡಿಸಿದ. ಪುಸ್ತಕವನ್ನು ಎಡದಿಂದ ತೆರೆದು ಮೊದಲ ಹಾಳೆಯ ಮೇಲೆ ಐದಾರು ಸಾಲು ಬರೆದ, ಕಾಗದ ಒತ್ತಿ ಮಸಿ ಆರಿಸಿದ, ಮತ್ತೆ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದ್ದ ಉತ್ತರವನ್ನು ಮುಂದುವರಿಸಿದ. ಬರೆದದ್ದನ್ನೆಲ್ಲ ಎಡದಿಂದ ನಕಲು ಮಾಡಲು ಅವನಿಗೆ ಹೊತ್ತೂ ಇರಲಿಲ್ಲ, ಕೈಯೂ ಇರಲಿಲ್ಲ. ನಾನಾಗಿದ್ದರೆ ಅಳುತ್ತಿದ್ದೆ. ಅವನು ಆರನೇ ಪ್ರಶ್ನೆಯನ್ನೂ ಮುಗಿಸಿ, ಕೊನೆಯ ಹದಿನೈದು ನಿಮಿಷ ಟಾಕು ಕೆಳಗಿಟ್ಟು, ತಾನು ಕಲಿಸಿದ ಹಾಗೇ ಪ್ರಶ್ನೆಯ ನಂಬರುಗಳನ್ನು ಬೆರಳಿಟ್ಟು ನೋಡುತ್ತಾ ಕೂತ.

ಹೊರಗೆ ಬಂದ ಕೂಡಲೇ ಬೇವಿನ ಮರದ ಕೆಳಗೆ ನಿಂತು ನಾನು ಬಾಯಿ ಮಾಡಿದೆ. "ಅಷ್ಟು ಜೋರಾಗಿ ಕೇಳಿದೆನಲ್ಲಪ್ಪಾ, ನಿನಗ ಕೇಳಿಸಲಿಲ್ಲೇನು? ಮಂದಿಯೆಲ್ಲಾ ನನ್ನ ನೋಡಿ ನಕ್ಕಿತು!"

"ಪರೀಕ್ಷಾದಾಗ ಕಿವಿ ಇರಬಾರದವ್ವಾ," ಎಂದ ಅಪ್ಪ. ಮೊದಲ ಹಾಳೆಯ ಮೇಲೆ ಏನು ಬರೆದೆ ಎಂದು ಕೇಳಿದ್ದಕ್ಕೆ ಸಣ್ಣ ದನಿಯಲ್ಲಿ ಬಾಯಿಪಾಠದಂತೆ ಹೇಳಿದ: "ಮಾನ್ಯರೇ, ನಾನು ಇಪ್ಪತ್ತು ವರ್ಷ ಉರ್ದು ಬರೆದವನು. ರೂಢಿಯಿಂದ ಪುಸ್ತಕವನ್ನು ಹಿಂದಿನಿಂದ ತೆರೆದಿದ್ದೇನೆ. ಉತ್ತರಗಳು ಕೊನೆಯ ಹಾಳೆಯಿಂದ ಶುರುವಾಗುತ್ತವೆ. ಪುಟಗಳಿಗೆ ಅಂಕಿ ಹಾಕಿದ್ದೇನೆ. ತಪ್ಪು ನನ್ನದು." ನಾನು ಕಲಿಸಿದ ಯಾವ ಪಾಠದಲ್ಲೂ ಆ ಸಾಲುಗಳು ಇರಲಿಲ್ಲ. ಒಂದೂ ತಪ್ಪಿರಲಿಲ್ಲ. ಸಿಟ್ಟಿನಲ್ಲಿದ್ದರೂ ನನಗೆ ಅದು ಗೊತ್ತಾಯಿತು.

ಆಮೇಲಿನ ಎರಡು ತಿಂಗಳು ಯಾರಿಗೂ ಬೇಡ. ಅವ್ವ ಸೋಮವಾರ ಒಪ್ಪತ್ತು ಮಾಡತೊಡಗಿದಳು. ಅಪ್ಪ ಮಾತು ಕಡಿಮೆ ಮಾಡಿದ. ಇತ್ತ ನನ್ನ ಕಥೆ ಲಿಂಗಸುಗೂರಿನಿಂದ ನನಗಿಂತ ಮೊದಲೇ ಮಸ್ಕಿ ಮುಟ್ಟಿತ್ತು. ಮಾಸ್ತರರ ಮಗಳಿಗೆ ಪುಸ್ತಕ ತೆರೆಯಲು ಬರುವುದಿಲ್ಲವಂತೆ ಎಂದು ಹುಡುಗರು ಬೀದಿಬೀದಿಯಲ್ಲಿ ಹಾಡು ಕಟ್ಟಿದರು. ಬಾವಿಗೆ ಹೋದರೆ, ಕೊಡ ಯಾವ ಕಡೆಯಿಂದ ತುಂಬಬೇಕು ಎಂದು ಕೇಳುವವರು. ನಿಜ ಹೇಳಿದರೆ ಅಪ್ಪನ ತಪ್ಪು ಊರಿಗೆಲ್ಲ ತಿಳಿಯುತ್ತದೆ. ಹಲ್ಲು ಕಚ್ಚಿ ಸುಮ್ಮನಿದ್ದೆ. ಅದು ನನಗೆ ಸುಲಭವಾಗಿರಲಿಲ್ಲ, ನನ್ನ ಬಾಯಿ ಎಂಥದೆಂದು ಮಸ್ಕಿಗೆಲ್ಲ ಗೊತ್ತು.

ಫಲಿತಾಂಶ ಬಂತು. ನಾನು ಪಾಸು. ನಾಲ್ಕು ದಿನ ಬಿಟ್ಟು ಅಪ್ಪನ ಲಕೋಟೆ ಬಂತು. ಅವನು ಅದನ್ನು ನನ್ನ ಕೈಗೆ ಕೊಟ್ಟ, ಒಡೆಯುವ ಧೈರ್ಯ ಅವನಿಗಿರಲಿಲ್ಲ. ಪಾಸು. ಬಹಳ ಅಂಕವೇನಲ್ಲ, ದಾಟುವಷ್ಟು. ಪುಸ್ತಕ ತಿದ್ದಿದ ಪುಣ್ಯಾತ್ಮರು ಹಿಂದಿನಿಂದ ಓದಿದ್ದರು. ಅವ್ವ ಲಕೋಟೆಯನ್ನು ದೇವರ ಜಗಲಿಯ ಮೇಲಿಟ್ಟು ಅಡ್ಡಬಿದ್ದು, ಕಡಲೆಬೇಳೆ ಬೇಯಿಸಲು ಇಟ್ಟಳು.

ಹೋಳಿಗೆಯ ಊಟಕ್ಕೆ ಪಾಮನಕಲ್ಲೂರಿನಿಂದ ಅವ್ವನ ಅಣ್ಣ, ನನ್ನ ಸೋದರಮಾವ, ಬಂದಿದ್ದ. ನನ್ನ ತಾಟಿಗೆ ಹೋಳಿಗೆ ಬಿದ್ದದ್ದೇ ತಡ, "ಯಾವ ಕಡಿಂದ ತಿನ್ನಬೇಕಂತ ಕೇಳಲಿಲ್ಲೇನ ಬೇ?" ಎಂದ. ಅವ್ವನೂ ನಕ್ಕಳು. ನನ್ನ ಕಣ್ಣಲ್ಲಿ ನೀರು ಬಂತು.

"ನಗಬ್ಯಾಡ್ರಿ," ಎಂದ ಅಪ್ಪ. "ಆಕಿಗೆ ಗೊತ್ತಿತ್ತು. ಗೊತ್ತಿದ್ದ ಕೇಳಿದ್ಳು. ಉಲ್ಟಾ ತೆಗದಾವ ನಾನು. ನನಗ ತಿಳೀಲಿ ಅಂತ ಆಕಿ ಎದ್ದು ನಿಂತ್ಳು."

ನಾನು ತಲೆ ಎತ್ತಿದೆ. "ಕಿವಿ ಇರಬಾರದು ಅಂದಿದ್ದೆಲ್ಲ? ನಿನಗ ಹೆಂಗ ಗೊತ್ತಾತು?"

"ಕೇಳಿಸಿತ್ತವ್ವಾ," ಎಂದ. "ಆವಾಗಲೇ ಕೇಳಿಸಿತ್ತು. ನಿನ್ನ ದನಿ ನನಗ ಗೊತ್ತಾಗೂದಿಲ್ಲೇನು? ನಾ ಎರಡ ಸಾಲ ಬರದಿದ್ದೆ. ಆವಾಗಿಂದನ ಪುಟಕ್ಕೆಲ್ಲಾ ಅಂಕಿ ಹಾಕ್ಕೋತ ಹೋದೆ."

ಎರಡು ಸಾಲು! ಸಿಂಧನೂರಿನವರಂತೆ ಒಂದು ಗೆರೆ ಎಳೆದು ಮಗುಚಿಕೊಂಡಿದ್ದರೆ ಮುಗಿದಿತ್ತು. ಎರಡು ತಿಂಗಳ ಬೇಗೆ, ಅವ್ವನ ಒಪ್ಪತ್ತು ಯಾವುದೂ ಬೇಕಾಗುತ್ತಿರಲಿಲ್ಲ, ನನ್ನ ಮಾನ ಹೋದದ್ದಕ್ಕೂ ಅರ್ಥ ಇರುತ್ತಿತ್ತು. "ಅವರೆಲ್ಲಾ ಮಗುಚಿಕೊಂಡ್ರಲ್ಲಪ್ಪಾ!" ಎಂದು ಚೀರಿದೆ.

"ಅವರದು ತಪ್ಪಲ್ಲ. ಅವರಿಗೆ ಅದು ಯಾರೋ ಹುಡುಗಿ ಕೇಳಿದ ಮಾತು, ಮ್ಯಾಲ್ವಿಚಾರಕರು ಹೇಳಿದ ಜವಾಬು. ನನಗ ಹಂಗಲ್ಲ. ನನಗ ಅದು ನನ್ನ ಮಗಳು ಹೇಳಿಕೊಟ್ಟ ಮಾತು. ಮಗಳು ಹೇಳಿಕೊಟ್ಟದ್ದನ್ನ ಪರೀಕ್ಷಾದಾಗ ತಗೊಂಡು ಪಾಸಾದಾವ, ಮರುದಿನ ಹುಡುಗರ ಮುಂದ ನಿಂತು ಏನ ಹೇಳಲಿ?"

ಅವ್ವನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲ್ಲೇ ನಿಂತಿತ್ತು. "ಮಕ್ಕಳ ಅನ್ನಕ್ಕ ಕಲ್ಲ ಹಾಕಾಕ ಹೊಂಟಿದ್ರೇನ್ರಿ ನೀವು?" ಎಂದು ಕೇಳಿ, ಜವಾಬಿಗೆ ಕಾಯದೆ ಮಿಳ್ಳೆ ಕೆಳಗಿಟ್ಟು ಒಳಗೆ ಹೋದಳು. ಮಾವ ತಾಟು ನೋಡುತ್ತಾ ಕೂತ. ಅಪ್ಪ ತಲೆ ತಗ್ಗಿಸಿದ.

ಅವ್ವ ಹೊರಗೆ ಬರಲಿಲ್ಲ. ಅಪ್ಪನ ತಾಟಿನಲ್ಲಿದ್ದ ಹೋಳಿಗೆ ಆರಿಹೋಗಿತ್ತು. ನಾನು ಎದ್ದು ಒಲೆಯ ಮೇಲಿನಿಂದ ಬಿಸಿಯದೊಂದನ್ನು ತಂದು ಅವನ ತಾಟಿಗೆ ಹಾಕಿದೆ, ಮಿಳ್ಳೆಯಲ್ಲಿದ್ದ ತುಪ್ಪವನ್ನೆಲ್ಲ ಅದರ ಮೇಲೆ ಸುರಿದೆ. ಅಷ್ಟು ಸಿಟ್ಟು, ಅಷ್ಟು ಹೆಮ್ಮೆ ಒಬ್ಬನೇ ಮನುಷ್ಯನ ಮೇಲೆ ಒಟ್ಟಿಗೆ ಬಂದದ್ದು ನನಗೆ ಅದೇ ಮೊದಲು. ಆಮೇಲೆ ಇನ್ನೊಬ್ಬರ ಮೇಲೆ ಹಾಗೆ ಬಂದಿಲ್ಲ.